ಗುಟ್ಟಿನ ಪುಟದ ಮೊಹರು

...ಅಲ್ಲ, ಕೂತ್ಕೊಂಡು ಮಾತಾಡೋಣ ವಿಂಧ್ಯಾ. ನಿಂತ ಕಾಲಲ್ಲೇ ಸಹಿ ಹಾಕಿಸ್ಕೊಂಡು ಹೋಗೋಕೆ ಇದೇನು ರೈಲ್ವೆ ಬುಕಿಂಗ್ ಕೌಂಟರಾ? ಆ ಕಾಗದ ಇಲ್ಲಿಡು. ಗೊತ್ತು, ಗೊತ್ತು... ಲೈಬ್ರರಿಯಿಂದ ತಗೊಂಡಿದ್ದೆಲ್ಲ ವಾಪಸ್ ಬಂದಿದೆ ಅಂತ ನಾನು ಬರೆದುಕೊಟ್ರೇನೇ ಆಫೀಸಿನವರು ನಿನ್ನನ್ನ ರಿಲೀವ್ ಮಾಡೋದು. ರಿಲೀವ್ ಅಂತೆ. ಕೆಲಸದಿಂದ ತೆಗೆದು ಹಾಕೋದಕ್ಕೆ ಎಂಥಾ ನಯವಾದ ಮಾತು ಇಟ್ಕೊಂಡಿದಾರೆ ನೋಡು. ಹಾಕ್ತೀನಿ ಸಹಿ, ಹಾಕಲ್ಲ ಅಂದ್ನಾ? ಮೊದಲು ಕೂತ್ಕೋ. ಇಲ್ಲಿ ಫ್ಯಾನ್ ಗಾಳಿ ಬರಲ್ಲ. ಆ ಕಂಪ್ಯೂಟರ್ ಮುಂದಿನ ಕುರ್ಚೀಲೇ ಕೂತ್ಕೋ, ಕಂಪ್ಯೂಟರ್ ಟೀಚರ್ ಜಾಗ, ನಿನ್ನದೇ ತಾನೇ ಅದು. ಇವತ್ತು ಸಂಜೆ ತನಕ ನಿನ್ನದೇ.

ಚಾ ಕುಡೀತೀಯಾ? ಪ್ಯೂನ್ ಮಗನ್‌ಭಾಯಿಗೆ ಹೇಳಿ ಕಳಿಸಿದೀನಿ. ಬೇಡ ಅನ್ಬೇಡ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು, ಮುಖ ನೋಡಿದ್ರೇ ಗೊತ್ತಾಗುತ್ತೆ.

ನಂಗೆ ಹೊಟ್ಟೆ ಉರಿಯೋದು ಯಾವುದಕ್ಕೆ ಗೊತ್ತಾ? ಆ ಮೂಲೆ ನೋಡು. ನೆಲದ ಮೇಲೆ ಇನ್ನೂ ಚೌಕಾಕಾರದ ಗುರುತು ಕಾಣುತ್ತೆ, ಸುತ್ತ ಕಲ್ಲು ಮಾಸಿದೆ, ಒಳಗೆ ಮಾತ್ರ ಹೊಸದರ ಹಾಗಿದೆ. ಅಲ್ಲಿತ್ತು ನನ್ನ ಕಾರ್ಡ್ ಕ್ಯಾಬಿನೆಟ್ಟು. ತೇಗದ ಮರದ್ದು, ಹಿತ್ತಾಳೆ ಹಿಡಿ. ಒಂದೊಂದು ಪುಸ್ತಕಕ್ಕೂ ಮೂರು ಕಾರ್ಡು, ಬರೆದವರ ಹೆಸರಿಗೊಂದು, ಪುಸ್ತಕದ ಹೆಸರಿಗೊಂದು, ವಿಷಯಕ್ಕೊಂದು. ಎಲ್ಲ ನನ್ನ ಕೈಬರಹ. ನಮ್ಮೆಜಮಾನರಿಗೆ ಬ್ಯಾಂಕಿನಲ್ಲಿ ವಡೋದರಾಕ್ಕೆ ವರ್ಗವಾಗಿ ನಾನು ಈ ಗೋರ್ವಾ ಸ್ಕೂಲಿಗೆ ಸೇರಿದಾಗಿಂದ ಬರೆದಿದ್ದು. ಅದೆಲ್ಲ ನಾವು ಕಂಪ್ಯೂಟರಿಗೆ ಏರಿಸಿ ಮುಗಿಸಿದ್ವಿ ನೋಡು, ಪ್ರಿನ್ಸಿಪಾಲ್ ಸಾಹೇಬರಿಗೆ ಅದು ಕಣ್ಣಿಗೆ ಚುಚ್ಚೋಕೆ ಶುರುವಾಯ್ತು. ಸುಮತಿಬೆನ್, ಇನ್ನು ಈ ಕಬಾಡ್ ತೆಗೆಸಿ, ಟ್ರಸ್ಟಿಗಳು ನೋಡೋಕೆ ಬರ್ತಾರೆ ಅಂದ್ರು. ಕಬಾಡ್ ಅಂತೆ, ಗುಜರಿ ಸಾಮಾನು! ನಾನು ಹೇಳಿದೆ ಸಾಹೇಬ್, ಒಂದು ವರ್ಷ ಎರಡೂ ಇರ್ಲಿ, ಹೊಸದು ಕಾಲೂರಿದ ಮೇಲೆ ಹಳೇದು ತೆಗೆಯೋಣ ಅಂತ. ಕೇಳಿದ್ರಾ? ಮಾರನೇ ದಿನ ಹಳೇ ಪೇಪರ್ ಕೊಳ್ಳೋ ಪಸ್ತೀವಾಲಾ ತಕ್ಕಡಿ ಹಿಡ್ಕೊಂಡು ಬಂದ.

ಆಮೇಲೆ ಏನಾಯ್ತು ಅಂತ ನಿಂಗೆ ಹೇಳೇ ಇಲ್ಲ. ಒಂದಿನ ಇಲ್ಲೇ ಸರ್ಕಲ್ ಹತ್ರ ಭೇಲ್ ತಗೊಂಡೆ. ಭೇಲ್‌ವಾಲಾ ಚಮಚದ ಬದಲು ಒಂದು ರಟ್ಟಿನ ಚೂರು ಸಿಕ್ಕಿಸಿ ಕೊಟ್ಟ. ತಿಂದು ಮುಗಿಸಿ ಎಸೆಯೋಣ ಅಂತ ನೋಡ್ತೀನಿ, ನನ್ನದೇ ಅಕ್ಷರ. ಜ್ವಾಲಾಮುಖಿಗಳು, ಚಿತ್ರಸಹಿತ, ಅಂತ...

ಯಾಕೆ ನಗ್ತೀಯಾ? ನಗು, ನಗು. ಆ ದಿನ ಭೇಲ್‌ವಾಲಾನೂ ನಕ್ಕ, ನಾನು ಆ ಎಂಜಲು ಕಾರ್ಡು ಒರೆಸಿ ಪರ್ಸಿಗೆ ಹಾಕ್ಕೊಂಡಿದ್ದು ನೋಡಿ. ನೀನು ನಕ್ಕಿದ್ದು ಎಷ್ಟು ದಿವಸ ಆಗಿತ್ತೋ. ನಗು ಪುಟ್ಟಾ.

ಮೇ ತಿಂಗಳಲ್ಲಿ ಇದೇ ರೂಮಲ್ಲಿ ನಾವಿಬ್ರೂ ಎಷ್ಟು ನಗ್ತಿದ್ವಿ. ಊರೆಲ್ಲ ರಜ. ನೀನು ಅಹಮದಾಬಾದಿಗೆ ಅಪ್ಪ ಅಮ್ಮನ ಹತ್ರ ಹೋಗೋದು ಬಿಟ್ಟು ಇಲ್ಲಿ ಬೆವರು ಸುರಿಸ್ತಾ ಕೂತಿದ್ದೆ. ನಾನು ಕಾರ್ಡು ಓದೋದು, ನೀನು ಟೈಪ್ ಮಾಡೋದು. ಕರೆಂಟ್ ಹೋದ್ರೆ ಇಬ್ರೂ ನೆಲದ ಮೇಲೆ ಅಂಗಾತ ಮಲಗೋದು. ಮೊಸರನ್ನಕ್ಕೆ ನೀನು ಕರ್ಡ್‌ರೈಸ್ ಅಂದ್ರೆ ನಾನು ಡಬ್ಬಿ ಮುಚ್ಚಿಬಿಡ್ತಿದ್ದೆ, ಕನ್ನಡದಲ್ಲಿ ಕೇಳಿದ್ರೇನೇ ಊಟ. ನಿಮ್ಮಮ್ಮ ಫೋನಲ್ಲಿ ಹೇಳಿದ್ರಂತಲ್ಲ, ಇಪ್ಪತ್ತು ವರ್ಷ ನಾವು ಕಲಿಸೋಕಾಗದೇ ಇದ್ದಿದ್ದು ಆ ಲೈಬ್ರರಿ ಆಂಟಿ ಎರಡು ತಿಂಗಳಲ್ಲಿ ಕಲಿಸಿದ್ರು ಅಂತ. ನಂಗೆ ಎಷ್ಟು ಖುಷಿಯಾಗಿತ್ತು ಗೊತ್ತಾ.

ಆ ಕ್ಯಾಟಲಾಗೆಲ್ಲ ಹೋಯ್ತು. ಒಂದು ವೈರಸ್ಸು. ಯಾವುದೋ ಹುಡುಗ ಆಟದ ಫ್ಲಾಪಿ ತಂದು ಹಾಕ್ದ, ಮಾರನೇ ದಿನ ಸ್ಕ್ರೀನಿನ ಅಕ್ಷರವೆಲ್ಲ ಒಂದೊಂದಾಗಿ ಕೆಳಕ್ಕೆ ಉದುರೋಕೆ ಶುರು. ನಾನು ನಿಂತು ನೋಡ್ತಾನೇ ಇದ್ದೆ. ಒಳಗಿರೋದೆಲ್ಲ ಅಳಿಸಿ ಹೊಸದಾಗಿ ಹಾಕ್ಬೇಕು ಅಂತ ನೀನಂದೆ. ಸರಿ ಅಂದೆ. ನಂಗೇನು ಗೊತ್ತಾಗುತ್ತೆ ಅದೆಲ್ಲ? ಅಳಿಸಿದ ಮೇಲೆ ನೋಡಿದ್ರೆ ನಾವು ನಕಲು ಮಾಡಿಟ್ಟಿದ್ದ ಫ್ಲಾಪಿಗಳು ಓದ್ತಾನೇ ಇಲ್ಲ. ಕರ್ ಕರ್ ಅಂತ ಹಲ್ಲು ಕಡಿಯೋ ಸದ್ದು...

ಏನು? ಹಾಂ... ಕೇಳಿದ್ದೆ. ಅಳಿಸೋಕೆ ಮುಂಚೆ ಕೇಳಿದ್ದೆ ನೀನು, ಆಂಟಿ ಬ್ಯಾಕಪ್ ಫ್ಲಾಪಿಗಳು ಸರಿಯಾಗಿವೆ ತಾನೇ ಅಂತ. ಇಲ್ಲ ಅಂತ ಯಾರು ಹೇಳಿದ್ರು? ಬೀರುವಲ್ಲಿ ಬೀಗ ಹಾಕಿ ಇಟ್ಟಿದೀನಿ ಅಂದೆ. ಇಟ್ಟಿದ್ದೆ ಕೂಡ. ಧೂಳು ಬೀಳದ ಹಾಗೆ, ಬಿಸಿಲು ತಾಗದ ಹಾಗೆ, ಜೊತೆಗೆ ಡಾಂಬರು ಗುಳಿಗೆ ಬೇರೆ. ಇನ್ನೇನು ಮಾಡ್ಬೇಕಿತ್ತು ನಾನು? ಆ ಸೂರತ್ತಿನ ವ್ಯಾಪಾರಿ ಡೂಪ್ಲಿಕೇಟ್ ಮಾಲು ತಂದು ಸುರಿದಿದ್ರೆ ನನ್ನ ಬೀಗ ಏನು ಮಾಡುತ್ತೆ? ಅಗ್ಗ ಅಂತ ಆಫೀಸಿನವರು ಅವನ ಹತ್ರಾನೇ ತರಿಸಿದ್ರು. ಈ ಸೆಖೆ ಬೇರೆ. ಹೀಗೆ ಸುಡೋ ಊರಲ್ಲಿ ಮನುಷ್ಯರ ತಲೇನೇ ಸರಿಯಿರಲ್ಲ, ಪ್ಲಾಸ್ಟಿಕ್ ಇರುತ್ತಾ?

ಹಾಗೆ ನೋಡ್ಬೇಡ. ಪ್ರಿನ್ಸಿಪಾಲ್ ಸಾಹೇಬರು ಟ್ರಸ್ಟಿಗಳನ್ನ ಪಕ್ಕದಲ್ಲಿ ನಿಲ್ಲಿಸ್ಕೊಂಡು ಕಂಪ್ಯೂಟರ್ ಒಳಗಿದ್ದಿದ್ದನ್ನ ಅಳಿಸಿದ್ದು ಯಾರು ಅಂತ ಕೇಳಿದ್ರು. ನಾನು ಏನು ಹೇಳ್ಬೇಕಿತ್ತು? ಅಳಿಸಿದ್ದು ವಿಂಧ್ಯಾ ಅಂದೆ. ಸುಳ್ಳಾ? ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟೆ ಅಷ್ಟೇ. ನಿನ್ನನ್ನ ತೆಗೆದು ಹಾಕಿ ಅಂತ ನನ್ನ ಬಾಯಲ್ಲಿ ಬಂತಾ? ಅವರು ಅಲ್ಲೇ ಕೂಗಾಡ್ತಾರೆ, ನಿನ್ನನ್ನ ಅವತ್ತೇ ಮನೆಗೆ ಕಳಿಸ್ತಾರೆ ಅಂತ ಕನಸು ಕಂಡಿದ್ನಾ? ನೀನು ಅಳ್ತಾ ಬ್ಯಾಗ್ ತಗೊಂಡು ಓಡಿಬಿಟ್ಟೆ.

ಬಾಕಿ ಫ್ಲಾಪಿಗಳಾ? ಅವು... ಮನೇಲಿವೆ. ಜೋಪಾನವಾಗಿರ್ಲಿ ಅಂತ ತಗೊಂಡು ಹೋದೆ. ಎಲ್ಲಿಟ್ಟೆನೋ ನೆನಪಿಲ್ಲ, ಹುಡುಕ್ಬೇಕು. ನಿಮ್ಮಪ್ಪ ಅವರ ಆಫೀಸಲ್ಲಿ ತೋರಿಸ್ತಾರಾ? ದೊಡ್ಡ ವಿಜ್ಞಾನಿಗಳಿರೋ ಜಾಗ, ಆಕಾಶಕ್ಕೆ ಹಾರಿಸೋದನ್ನ ಮಾಡೋರು ನಮ್ಮ ಸ್ಕೂಲಿನ ಫ್ಲಾಪಿ ನೋಡ್ತಾ ಕೂರ್ತಾರಾ ಪಾಪ. ಬೇಡ ಬಿಡು, ಅವರಿಗೆ ಯಾಕೆ ತೊಂದ್ರೆ. ಬೇಡ ಅಂದ್ನಲ್ಲ.

ಬೈದ ಹಾಗಾಯ್ತಾ? ಬೈದಿಲ್ಲ ಪುಟ್ಟಾ. ನಂಗೆ ತಲೆ ಕೆಟ್ಟಿದೆ, ಅದಕ್ಕೆ.

ನಿಂಗೆ ಒಂದು ಅರ್ಥ ಆಗಲ್ಲ ವಿಂಧ್ಯಾ. ಸ್ಕೂಲಲ್ಲಿ ಲೈಬ್ರೆರಿಯನ್ ಅಂದ್ರೆ ಯಾರು? ಯಾರೂ ಅಲ್ಲ. ಗಣಿತದ ಮೇಷ್ಟ್ರು ರಜ ಹಾಕಿದ್ರೆ ಕ್ಲಾಸು ಕಾಯೋಕೆ ಸುಮತಿಬೆನ್. ಪರೀಕ್ಷೆ ಬಂದ್ರೆ ಉತ್ತರಪತ್ರಿಕೆಗೆ ದಾರ ಕಟ್ಟೋಕೆ ಸುಮತಿಬೆನ್. ಸ್ಟಾಫ್‌ರೂಮಲ್ಲಿ ಕೂತ್ರೆ, ನಿಮಗೇನು ಬಿಡಿ, ಆರಾಮ್, ಪುಸ್ತಕ ಓದ್ಕೊಂಡು ಕೂತಿರ್ತೀರಿ ಅಂತಾರೆ. ನಮ್ಮ ಕಷ್ಟಸುಖ ಕೇಳೋಕೆ ಅಂತ ಇರೋದು ಆ ಬುಲೆಟಿನ್ ಒಂದೇ. ಅಹಮದಾಬಾದು, ವಡೋದರಾ, ಸೂರತ್ತು, ಮೂರೂ ಊರಿನ ಸ್ಕೂಲ್ ಲೈಬ್ರೆರಿಯನ್ನುಗಳು ಸೇರಿ ತಿಂಗಳಿಗೊಮ್ಮೆ ತರೋ ಆ ನಾಲ್ಕು ಹಾಳೆ. ಜನಾರ್ದನ ರಾಯರು ರಿಟೈರ್ ಆದ ಮೇಲೂ ಅಹಮದಾಬಾದಲ್ಲಿ ಕೂತು ಒಬ್ಬರೇ ಎಳೀತಿದಾರೆ, ಕುಂದಾಪುರದ ಕಡೆಯ ಮನುಷ್ಯ, ಬಿಡುವ ಜಾತಿಯಲ್ಲ. ಪುಸ್ತಕಕ್ಕೆ ಗೆದ್ದಲು ಹಿಡಿದ್ರೆ ಏನು ಮಾಡೋದು, ಕಿತ್ತುಹೋದ ಬೈಂಡು ಹೇಗೆ ಹೊಲಿಯೋದು, ಹೊಸ ಸಾಫ್ಟ್‌ವೇರ್ ಏನು ಬಂದಿದೆ, ಎಲ್ಲಿ ತರಬೇತಿ ಇದೆ... ಅದರಲ್ಲಿ ಕೊನೇ ಪುಟ ನಂದು. ಕೇಳಿದ್ದಕ್ಕೆ ಉತ್ತರ ಕೊಡೋದು.

ಮೊದಲು ಗೆದ್ದಲು, ಜಿರಲೆ ಬಗ್ಗೇನೇ ಬರೀತಿದ್ದೆ. ನಮ್ಮ ಲೈಬ್ರರಿಗೆ ಕಂಪ್ಯೂಟರ್ ಬಂದ ಮೇಲೆ ನೋಡು ನನ್ನ ಕಿಮ್ಮತ್ತು. ಸೂರತ್ತಿನ ಹತ್ರ ಸಚಿನ್ ಅಂತ ಊರಿದೆ, ಅಲ್ಲಿಯ ಸ್ಕೂಲಿನ ಕಮಲಾಬೆನ್ ಬರೀತಾಳೆ, ದೀದಿ, ನಮಗೂ ಕಂಪ್ಯೂಟರ್ ಬಂದಿದೆ, ಮುಟ್ಟೋಕೇ ಭಯ, ನೀವು ಹೇಗೆ ಮಾಡಿದ್ರಿ ಅಂತ. ಅಹಮದಾಬಾದಿನ ಸಭೇಲಿ ನನ್ನನ್ನ ವೇದಿಕೆ ಮೇಲೆ ಕೂರಿಸಿದ್ರು. ಹೂವಿನ ಗುಚ್ಛ ಕೊಟ್ರು. ನಮ್ಮನೇಲಿ ರಾಮಚಂದ್ರ ರಾಯರು, ಅದೇ ನಮ್ಮೆಜಮಾನರು, ಆ ಗುಚ್ಛ ಒಣಗೋ ತನಕ ರೇಗಿಸಿದ್ರು, ಕಂಪ್ಯೂಟರ್ ಪಂಡಿತೆ ಅಂತ. ರೇಗಿಸ್ಲಿ. ಜೀವಮಾನದಲ್ಲಿ ಒಂದು ಸಲ ನಾನು ಹೇಳಿದ್ದನ್ನ ಯಾರೋ ಬರ್ಕೊಂಡ್ರು ವಿಂಧ್ಯಾ. ಪೆನ್ನು ಹಿಡ್ಕೊಂಡು, ತಲೆ ಬಗ್ಗಿಸಿ. ಅದು ನಿಂಗೆ ಗೊತ್ತಾಗಲ್ಲ, ನೀನು ಇನ್ನೂ ಚಿಕ್ಕವಳು.

ಈ ತಿಂಗಳದ್ದು ಇವತ್ತು ಸಂಜೆ ಅಚ್ಚಿಗೆ ಹೋಗುತ್ತೆ. ಪ್ರೂಫ್ ನೋಡಾಯ್ತು. ಇದರಲ್ಲಿ ಸುದ್ದಿ ಪುಟಕ್ಕೆ ಸ್ವಲ್ಪ... ಹೇಳೇ ಬಿಡ್ತೀನಿ, ನಾಳೆ ನೀನೇ ಓದಿ ಬೇಜಾರ್ ಮಾಡ್ಕೊಳೋ ಬದಲು. ನಮ್ಮ ಕ್ಯಾಟಲಾಗ್ ಹೋಗಿದ್ದನ್ನ ನಾನೇ ಬರೆದು ಕಳಿಸಿದೆ. ಬರೀಬೇಕಾಯ್ತು. ಎಲ್ಲರಿಗೂ ಹೇಗೋ ಗೊತ್ತಾಗುತ್ತೆ, ಸುಮತಿಬೆನ್ ಲೈಬ್ರರಿ ಕೆಟ್ಟುಹೋಯ್ತಂತೆ ಅಂತ ಆಡ್ಕೋತಾರೆ. ಅದಕ್ಕೆ ಮುಂಚೇನೇ ನಾವೇ ಹೇಳಿಬಿಟ್ರೆ ಮರ್ಯಾದೆ. ವಡೋದರಾದ ಶಾಲೆಯೊಂದರಲ್ಲಿ ಕಂಪ್ಯೂಟರ್ ಶಿಕ್ಷಕಿಯ ಅಜಾಗರೂಕತೆಯಿಂದ ಇಡೀ ಕ್ಯಾಟಲಾಗ್ ಅಳಿಸಿಹೋಗಿದೆ, ಎಲ್ಲರೂ ಎಚ್ಚರಿಕೆಯಿಂದಿರಬೇಕು... ಇಷ್ಟೇ. ನಿನ್ನ ಹೆಸರು ಹಾಕಿಲ್ಲ. ದೇವರಾಣೆಗೂ ಹಾಕಿಲ್ಲ.

ಗೊತ್ತಾಗುತ್ತೆ ಅಂತೀಯಾ? ಹೇಗೆ ಗೊತ್ತಾಗುತ್ತೆ? ವಡೋದರಾದಲ್ಲಿ ಎಷ್ಟು ಸ್ಕೂಲಿಲ್ಲ?

...ಹೌದು. ಈ ಊರಲ್ಲಿ ಲೈಬ್ರರೀಲಿ ಕಂಪ್ಯೂಟರ್ ಇರೋದು ನಮ್ಮಲ್ಲೇ. ಅದನ್ನ ಮುಟ್ಟೋ ಶಿಕ್ಷಕಿ ಅಂದ್ರೆ ನೀನೊಬ್ಬಳೇ. ಸೂರತ್ತಿನ ಆ ಸ್ಕೂಲಲ್ಲಿ ನಿನ್ನ ಇಂಟರ್‌ವ್ಯೂ ಬರೋ ವಾರ ಅಲ್ವಾ? ಅಲ್ಲಿಯ ಲೈಬ್ರೆರಿಯನ್ನಿಗೂ ಬುಲೆಟಿನ್ ಹೋಗುತ್ತೆ, ಅದು ನಿಜ. ಓದಿದ್ರೂ ಅವಳು ಹೋಗಿ ಪ್ರಿನ್ಸಿಪಾಲಿಗೆ ಹೇಳ್ತಾಳಾ? ಹೇಳಲ್ಲ ಬಿಡು. ಹೇಳಿದ್ರೆ... ಹೇಳಿದ್ರೆ ನಾನಿದೀನಿ, ನಾನು ಬರೆದು ಕೊಡ್ತೀನಿ, ಹುಡುಗಿ ಒಳ್ಳೆಯವಳು, ಕಷ್ಟಪಟ್ಟು ದುಡೀತಾಳೆ, ಏನೋ ವಯಸ್ಸು ಚಿಕ್ಕದು, ಒಂದು ತಪ್ಪಾಗಿದೆ ಅಂತ. ಬೇಡವಾ? ಯಾಕೆ ಬೇಡ?

ಅಳ್ಬೇಡ. ಮಗನ್‌ಭಾಯಿ ಬರ್ತಿದಾನೆ, ಕಣ್ಣೊರೆಸ್ಕೋ. ಆವೊ ಭಾಯಿ, ಅಹೀಂ ಮೂಕೊ, ಈ ಮೇಜಿನ ಮೇಲೆ. ಹಾಂ, ಬಸ್. ಹೋಗಪ್ಪ... ತಗೋ, ಬಿಸಿಯಾಗಿದೆ. ನಿನ್ನ ಪುಸ್ತಕ ಎಲ್ಲಿ, ಅದನ್ನ ಕೊಡು, ಜಮಾ ಮಾಡ್ಕೋತೀನಿ.

ಇದೊಂದೇನಾ? ಹಕ್ಕಿಗಳ ಪುಸ್ತಕ. ನೋಡು, ಜೋಪಾನವಾಗಿ ಇಟ್ಕೊಂಡಿದೀಯ. ಹಾಳೆ ತಿರುವಿ ಏನು ನೋಡ್ತಿದೀನಿ ಅಂತಾನಾ? ಅಭ್ಯಾಸ ಕಣೇ. ಸೀಕ್ರೆಟ್ ಪೇಜು. ಗೊತ್ತಿಲ್ವಾ ನಿಂಗೆ? ಇಷ್ಟು ದಿವಸ ನನ್ನ ಜೊತೆ ಇದ್ದೂ? ಮೊಹರು ಮೊದಲನೇ ಪುಟದಲ್ಲಿ ಒತ್ತಿರ್ತೀವಿ, ಅದು ಎಲ್ಲರಿಗೂ ಕಾಣುತ್ತೆ. ಕಳ್ಳ ಮೊದಲು ಆ ಪುಟಾನೇ ಹರೀತಾನೆ. ಅದಕ್ಕೆ ಒಳಗೆ ಯಾವುದೋ ಒಂದು ಪುಟ ಗೊತ್ತು ಮಾಡ್ಕೊಂಡು, ಎಲ್ಲ ಪುಸ್ತಕದಲ್ಲೂ ಅದೇ ಪುಟ, ಅಲ್ಲೊಂದು ಸಣ್ಣ ಮೊಹರು. ಯಾವ ಪುಟ ಅಂತ ಲೈಬ್ರೆರಿಯನ್‌ಗೆ ಬಿಟ್ರೆ ಯಾರಿಗೂ ಹೇಳಲ್ಲ. ಅಲ್ಕಾಪುರಿಯ ಹಳೇ ಪುಸ್ತಕದಂಗಡೀಲಿ ಒಂದ್ಸಲ ನಮ್ಮದೇ ಅಟ್ಲಾಸ್ ಹಿಡಿದೆ, ಮೊದಲ ಪುಟ ಇಲ್ಲ, ಅಂಗಡಿಯವನು ಆಣೆ ಪ್ರಮಾಣ ಮಾಡ್ತಿದಾನೆ, ನಾನು ಸುಮ್ನೆ ಒಳಗಿನ ಪುಟ ತೆಗೆದು ತೋರಿಸ್ದೆ. ಬಾಯಿ ಮುಚ್ಕೊಂಡು ಕೊಟ್ಟ. ಯಾವ ವಸ್ತು ಬಂದ್ರೂ ಅಷ್ಟೇ, ಹೊರಗೊಂದು, ಒಳಗೊಂದು. ಒತ್ತಲಿಲ್ಲ ಅಂದ್ರೆ ರಾತ್ರಿ ನಿದ್ದೆ ಬರಲ್ಲ ನಂಗೆ.

ಸರಿ. ಪುಸ್ತಕ ಬಂತು. ಆ ಕಾಗದ ಕೊಡು, ಪೆನ್ನು... ಇಲ್ಲೇ ಇದೆ. ಅಲ್ಲ, ಅದೇನು ಮಾಡ್ತಿದೀಯಾ? ಕಂಪ್ಯೂಟರ್ ಯಾಕೆ ಮುಟ್ತೀಯಾ, ಸಾಹೇಬರು ನೋಡಿದ್ರೆ... ಅದರ ಬಾಯೊಳಗೆ ಏನೂ ಇಲ್ಲ. ಬಟನ್ ಒತ್ತಬೇಡ. ಏನೂ ಇಲ್ಲ ಅಂದೆ.

ಓ. ಅವತ್ತಿನ ಫ್ಲಾಪಿನಾ? ಒಳಗೇ ಉಳ್ಕೊಂಡುಬಿಟ್ಟಿತ್ತಾ? ಕೊಡಿಲ್ಲಿ. ಕೊಡು, ಉಳಿದಿದ್ದರ ಜೊತೆ ಇಡ್ತೀನಿ. ಹಾಂ, ಮೇಲೆ ಚೀಟಿಗೆ ನಮ್ಮ ಸ್ಕೂಲಿನ ಮೊಹರು ಒತ್ತಿದೀನಿ, ದುಂಡಗಿರೋದು, ಅದನ್ನ ನೀನು ಅವತ್ತೇ ನೋಡಿದೀಯಲ್ಲ. ಅದರಲ್ಲೇನು ವಿಶೇಷ? ಅದರ ಅಂಚಿನ ತಗಡಿನ ಮುಚ್ಚಳ ಸರಿಸ್ಬೇಡ ವಿಂಧ್ಯಾ. ನೀನೇ ತಾನೇ ಹೇಳಿದ್ದು ಅದನ್ನ ಸರಿಸಿದ್ರೆ ಒಳಗೆ ಧೂಳು ಹೋಗುತ್ತೆ ಅಂತ? ಬಿಡು. ಕೈ ಬಿಡು ಅಂದೆ...

ಏನು ನೋಡ್ತಿದೀಯಾ?

ವಿಂಧ್ಯಾ.

ಅದು... ಅದು ಇಂಕಿನ ಕಲೆ. ಫ್ಯಾಕ್ಟರೀಲೇ ಆಗಿರುತ್ತೆ. ಆ ಸೂರತ್ತಿನವನ ಮಾಲು ಅಂದ್ನಲ್ಲ.

ಹಾಗೆ ಬೆಳಕಿಗೆ ಹಿಡೀಬೇಡ. ನೀಲಿ ಬಣ್ಣದ್ದು ಎಲ್ಲ ಮೊಹರೇ ಆಗ್ಬೇಕಾ? ಓದೋಕೆ ಬರುತ್ತಾ ಅದು? ಬರಲ್ಲ. ಅರ್ಧ ಅಕ್ಷರ. ಯಾರ ಸ್ಕೂಲಿಂದೋ...

ಏನಾದ್ರೂ ಮಾತಾಡು. ಬೈ. ಕಿರುಚು. ಸುಮ್ನೆ ಕೂತು ನನ್ನ ಮುಖ ನೋಡ್ಬೇಡ ಹಾಗೆ. ಚಾ ಆರ್ತಿದೆ.

...ನಂಗೆ ಗೊತ್ತಿರಲಿಲ್ಲ ಕಣೇ. ಆ ತಗಡು ಸರಿಸಿದೆ, ಒಳಗೆ ಕಂದು ಬಣ್ಣದ ಹಾಳೆ ಥರಾ ಇತ್ತು, ನುಣ್ಣಗೆ. ಓಹೋ, ಇದೇ ಇದರ ಒಳಪುಟ ಅನ್ಕೊಂಡೆ. ಎಷ್ಟು ಖುಷಿಯಾಯ್ತು ಅಂತೀಯಾ. ಯಾರಾದ್ರೂ ಮೇಲಿನ ಚೀಟಿ ಕಿತ್ತು ಕದ್ದುಕೊಂಡು ಹೋದ್ರೂ ನಮ್ಮದು ಅಂತ ಗೊತ್ತಾಗುತ್ತಲ್ಲ ಅಂತ. ಸಣ್ಣ ಮೊಹರು ಆ ಕಿಂಡೀಲಿ ಸರಿಯಾಗಿ ಕೂರ್ತಿತ್ತು. ಒಂದೊಂದನ್ನೂ ಒತ್ತಿ, ಊದಿ, ಆರಿಸಿ ಇಟ್ಟೆ. ಮಕ್ಕಳಿಗೆ ಕಾಡಿಗೆ ಹಚ್ಚೋ ಹಾಗೆ ಹಚ್ಚಿದೀನಿ ವಿಂಧ್ಯಾ. ನೀನು ಆವಾಗ ಪೋಸ್ಟಾಫೀಸಿಗೆ ಹೋಗಿದ್ದೆ. ಬಂದ ಮೇಲೆ ಹೇಳೋಣ ಅನ್ಕೊಂಡೆ, ಆಮೇಲೆ ಗುಟ್ಟಿನ ಮೊಹರು ಯಾರಿಗೂ ಹೇಳ್ಬಾರ್ದಲ್ಲ ಅಂತ ಸುಮ್ನಾದೆ. ಮಾಡಿದ್ದು ಇಷ್ಟು. ಒಳ್ಳೇದಕ್ಕೇ ಮಾಡಿದ್ದು.

ಯಾವಾಗ ಗೊತ್ತಾಯ್ತು ಅಂತಾನಾ? ಅದು ಕೇಳ್ತಿದೀಯಾ ಕಣ್ಣಲ್ಲಿ. ಅದನ್ನೇ ಕೇಳ್ತಿದೀಯ.

ಅವತ್ತೇ. ಆ ಕರ್ ಕರ್ ಸದ್ದು ಬಂದಾಗಲೇ ಮೊಹರು ನೆನಪಾಯ್ತು. ಸಂಜೆ ಮನೆಗೆ ಹೋಗಿ ರಾಮಚಂದ್ರ ರಾಯರನ್ನ ಕೇಳ್ದೆ, ಅವರ ಬ್ಯಾಂಕಲ್ಲಿ ಕಂಪ್ಯೂಟರ್ ಇದೆಯಲ್ಲ, ಸುಮ್ನೆ ಯಾರದೋ ಸುದ್ದಿ ಅನ್ನೋ ಹಾಗೆ ಕೇಳ್ದೆ, ಫ್ಲಾಪಿ ಒಳಗೆ ಮಸಿ ಬಿದ್ರೆ ಏನಾಗುತ್ತೆ ಅಂತ. ಅವರು ನಕ್ಕರು. ಬೆರಳು ತಾಗಿದ್ರೇನೇ ಹೋಯ್ತು ಮಾರಾಯ್ತಿ, ಮಸಿ ಬಿದ್ರೆ ಕೇಳ್ತೀಯಾ ಅಂದ್ರು. ನಾನೂ ನಕ್ಕೆ. ಊಟಕ್ಕೆ ಬಡಿಸ್ದೆ. ಮಾರನೇ ದಿನ ಬಂದು ಎಲ್ಲ ಫ್ಲಾಪಿ ಗುಡ್ಡೆ ಹಾಕಿ ಬ್ಯಾಗಿಗೆ ತುಂಬ್ಕೊಂಡು ಹೋದೆ. ಮಷೀನೊಳಗೆ ಒಂದಿದೆ ಅಂತ ಯಾರಿಗೆ ನೆನಪಿತ್ತು.

ಹೇಳ್ಬೇಕಿತ್ತು. ನಿನ್ನ ಮೇಲೆ ಸಾಹೇಬರು ಕೂಗ್ತಿದ್ದಾಗ ಬಾಯಿ ತೆಗೆದೆ ಕೂಡ. ಬಾಯಿ ತೆಗೆದ್ರೆ ಆ ಟ್ರಸ್ಟಿಗಳ ಮುಖ ಕಾಣಿಸ್ತು. ಇಷ್ಟು ವರ್ಷ ಲೈಬ್ರರಿ ನೋಡ್ಕೊಂಡವಳು, ವೇದಿಕೆ ಮೇಲೆ ಕೂತವಳು, ಫ್ಲಾಪಿಗೆ ಮಸಿ ಬಳಿದಳಂತೆ ಅಂತ ಸ್ಟಾಫ್‌ರೂಮಲ್ಲಿ ನಗ್ತಾರೆ... ನೀನು ಚಿಕ್ಕವಳು, ಓದಿದವಳು, ನಿಂಗೆ ಇನ್ನೊಂದು ಕೆಲಸ ಸಿಗುತ್ತೆ, ನಂಗೆ ಯಾರು ಕೊಡ್ತಾರೆ ಅನ್ಕೊಂಡೆ. ಬರೀ ಅದೇ ಅಲ್ಲ. ನಗ್ತಾರಲ್ಲ, ಅದೇ ನಂಗೆ ತಡೆಯೋಕಾಗಲಿಲ್ಲ.

ಇನ್ನೂ ಒಂದಿದೆ. ನೀನು ಸುಮ್ನೆ ಕೂತಿದೀಯಲ್ಲ, ಅದಕ್ಕೆ ಹೇಳ್ತೀನಿ. ಬೈದಿದ್ರೆ ಹೇಳ್ತಿರಲಿಲ್ಲ.

ಈ ಸಲದ ಕೊನೇ ಪುಟ. ಕಮಲಾಬೆನ್ ಕೇಳಿದಾಳೆ, ದೀದಿ, ಫ್ಲಾಪಿಗಳನ್ನ ಲೈಬ್ರರಿ ಆಸ್ತಿ ಅಂತ ಹೇಗೆ ಗುರುತು ಮಾಡೋದು ಅಂತ. ನಾನು ಉತ್ತರ ಬರೆದೆ. ಈ ಗಲಾಟೆಗೆ ಮುಂಚೇನೇ ಬರೆದು ಕಳಿಸಿದ್ದು. ತಗಡು ಸರಿಸಿ ಒಳಗೂ ಒಂದು ಮೊಹರು ಒತ್ತಿ, ಅದೇ ಭದ್ರ ಅಂತ. ಪ್ರೂಫ್ ಬಂದಾಗ ಆ ಸಾಲು ನೋಡ್ದೆ ವಿಂಧ್ಯಾ. ಗೊತ್ತಾದ ಮೇಲೆ ನೋಡ್ದೆ. ಹೊಡೆದು ಹಾಕೋಣ ಅಂತ ಪೆನ್ನೂ ಇಟ್ಟೆ. ಹೊಡೆದ್ರೆ ಜನಾರ್ದನ ರಾಯರು ಯಾಕೆ ಅಂತ ಕೇಳೇ ಕೇಳ್ತಾರೆ, ಆ ಮನುಷ್ಯ ಕಾರಣ ಇಲ್ಲದೆ ಒಂದು ಅಲ್ಪವಿರಾಮ ಬಿಡೋರಲ್ಲ. ಕೇಳಿದ್ರೆ ಏನು ಹೇಳ್ಲಿ? ಹಾಗೇ ಬಿಟ್ಟೆ. ಸರಿಯಿದೆ ಅಂತ ಸಹಿ ಹಾಕಿ ಕಳಿಸಿಬಿಟ್ಟೆ.

ಈಗ ಏನಾಗುತ್ತೆ? ಕಮಲಾ ಒತ್ತುತ್ತಾಳೆ. ಊದಿ, ಆರಿಸಿ ಇಡ್ತಾಳೆ. ನನ್ನ ಹಾಗೇನೇ. ಅವಳ ಸ್ಕೂಲಲ್ಲೂ ನಿನ್ನಂಥವಳು ಯಾರೋ ಇರ್ತಾಳೆ.

ಆ ಫ್ಲಾಪಿ ತಗೊಂಡು ಕೆಳಗೆ ಸಾಹೇಬರ ಹತ್ರ ಓಡ್ಬಹುದಾಗಿತ್ತು ನೀನು. ಯಾಕೆ ಓಡಲಿಲ್ಲ? ನನ್ನ ಮುಂದೆ ಮೇಜಿನ ಮೇಲೆ ಇಟ್ಟುಬಿಟ್ಟೆ. ನೀವೇ ಇಟ್ಕೊಳ್ಳಿ ಅನ್ನೋ ಹಾಗೆ. ಅಷ್ಟು ಸಸಾರವಾಗಿ ಕಂಡ್ನಾ ನಾನು ನಿಂಗೆ? ಇಲ್ಲ... ಸಸಾರ ಅಲ್ಲ. ಗೊತ್ತು.

ಬಾಗಿಲ ಕಡೆ ಯಾಕೆ ನೋಡ್ತೀಯಾ? ಇನ್ನೂ ಸಹಿ ಹಾಕಿಲ್ಲ ನಾನು. ಹಾಕಲ್ಲ. ಹೋಗ್ಬೇಡ. ಕೂತಿರು, ಸ್ವಲ್ಪ ಹೊತ್ತು. ಈ ಫೋನು ಮೋಡೆಮ್ಮಿಗೆ ಅಂತ ಹಾಕಿಸಿದ್ದು ಅಲ್ವಾ, ಇದರಲ್ಲಿ ಎಸ್‌ಟಿಡಿ ಹೋಗುತ್ತಾ? ಹೋಗುತ್ತೆ... ತಲೆ ಆಡಿಸಿದೆಯಲ್ಲ, ಅಷ್ಟು ಸಾಕು. ಜನಾರ್ದನ ರಾಯರ ನಂಬರ್ ನಂಗೆ ಬಾಯಲ್ಲೇ ಇದೆ.

ಎಂಗೇಜ್.

ಎಂಗೇಜ್ ಬರ್ತಿದೆ ವಿಂಧ್ಯಾ. ಅವರು ಪ್ರೆಸ್ಸಿನವರ ಜೊತೆ ಮಾತಾಡ್ತಿರ್ಬೇಕು. ಆಮೇಲೆ ಮಾಡ್ತೀನಿ, ಸಂಜೆ ಮನೆಯಿಂದ...

ಸರಿ, ಸರಿ. ಹಾಗೆ ನೋಡ್ಬೇಡ. ಮಾಡ್ತೀನಿ, ಈಗಲೇ.

...ರಿಂಗ್ ಆಗ್ತಿದೆ. ಇದಾದ ಮೇಲೆ ಕೆಳಗೆ ಸಾಹೇಬರ ಹತ್ರ ಹೋಗ್ತೀನಿ, ಆ ಫ್ಲಾಪಿ ಕೈಲಿ ಹಿಡ್ಕೊಂಡೇ. ನೀನು ಮಾತಾಡೋದು ಬೇಡ, ಪಕ್ಕದಲ್ಲಿ ನಿಂತಿದ್ರೆ ಸಾಕು. ನಿಲ್ತೀಯಾ?

ಹಲೋ. ನಮಸ್ಕಾರ ರಾಯರೇ, ನಾನು ಸುಮತಿ, ವಡೋದರಾದಿಂದ. ಅಚ್ಚಿಗೆ ಹೋಯ್ತಾ? ಇಲ್ಲ ತಾನೇ? ನಿಲ್ಲಿಸಿ. ದಯವಿಟ್ಟು ನಿಲ್ಲಿಸಿ. ಎರಡು ಕಡೆ ತಪ್ಪಿದೆ. ಸುದ್ದಿ ಪುಟದಲ್ಲೊಂದು, ನನ್ನ ಪುಟದಲ್ಲೊಂದು... ಹಾಂ, ಪ್ರೂಫ್ ನಾನೇ ನೋಡಿದ್ದು. ಹೌದು, ಸಹಿಯೂ ನಂದೇ... ಅಲ್ಲ ರಾಯರೇ, ಅಚ್ಚಿನ ತಪ್ಪಲ್ಲ.